ಚೌಕದ ಕೆಳಗಿನ ಕೈಗಳು

“ಆ ಕತ್ತರಿ ಎದುರಿಗೆ ಜಾಸ್ತಿ ಹೊತ್ತು ನಿಲ್ಲಬೇಡ್ರಪ್ಪಾ, ಎದೆಯಿಂದ ಕೆಳಗೆ ಕತ್ತರಿಸಿ ಬಿಸಾಕಿಬಿಡ್ತಾನೆ” ಎಂದು ನಮ್ಮ ಬೀದಿಯವರು ಹೇಳಿಕೊಂಡು ನಗುತ್ತಿದ್ದರು. ಸುಮ್ಮನೆ ಹುಟ್ಟಿದ ಮಾತಲ್ಲ ಅದು. ಅವನು ಯಾರನ್ನೇ ನೋಡಲಿ, ಎಡಗಣ್ಣನ್ನು ಅರ್ಧ ಮುಚ್ಚಿ, ತಲೆಯನ್ನು ಒಂದು ಕಡೆ ವಾಲಿಸಿ, ಇವರಲ್ಲಿ ಎಲ್ಲಿಂದ ಎಲ್ಲಿಯವರೆಗೆ ಉಳಿಸಿಕೊಳ್ಳಲಿ ಎಂದು ಅಳೆಯುವವನಂತೆ ನೋಡುತ್ತಿದ್ದ. ಹದಿನೇಳು ವರ್ಷ ಫೋಟೊ ಸ್ಟುಡಿಯೊದಲ್ಲಿ ಕೂತು ಪಾಸ್‌ಪೋರ್ಟ್ ಫೋಟೊ ಕತ್ತರಿಸಿದವನ ಕಣ್ಣು ಇನ್ನು ಹೇಗಿರುತ್ತದೆ ಹೇಳಿ. ಸ್ಟುಡಿಯೊ ಮುಚ್ಚಿ ಎಷ್ಟೋ ಕಾಲವಾದರೂ ಹೆಸರು ಮಾತ್ರ ಉಳಿದುಕೊಂಡಿತು. ಹಾಲಿನವನಿಂದ ಅಂಚೆಯವನವರೆಗೆ ಎಲ್ಲರಿಗೂ ಅವನು ಕತ್ತರಿಯೇ. ಕರೆದರೆ ಅವನೂ ಸಲೀಸಾಗಿ ಓಗೊಡುತ್ತಿದ್ದ.

ಅವನ ಮನೆಯ ಬಗ್ಗೆಯೂ ಒಂದು ಮಾತಿತ್ತು. ಮಾತೇ ಆಡದ ಮನೆಯಲ್ಲಿ ಅಷ್ಟೊಂದು ಗಲಾಟೆ ಎಲ್ಲಿಂದ ಬರುತ್ತದೆ ಅಂತ. ಮಹಡಿಯ ಮೇಲಿನ ಎರಡು ಕೋಣೆಗಳಲ್ಲಿ ಕತ್ತರಿ ಮತ್ತು ಅವನ ತಂಗಿ ಇದ್ದರು. ಒಂಬತ್ತು ವರ್ಷಕ್ಕೆ ಚಿಕ್ಕವಳು ಈ ತಂಗಿ, ಹುಟ್ಟಿದಾಗಿನಿಂದ ಕಿವಿ ಕೇಳುತ್ತಿರಲಿಲ್ಲ. ಅಣ್ಣತಂಗಿಯರ ಮಾತೆಲ್ಲ ಕೈಯಲ್ಲೇ. ಆದರೆ ಬೆನ್ನು ತಿರುಗಿಸಿ ನಿಂತವಳನ್ನು ಕರೆಯುವುದು ಹೇಗೆ? ನೆಲವನ್ನು ದಢದಢ ತುಳಿಯಬೇಕು. ಆ ಅದುರು ಪಾದಕ್ಕೆ ತಾಗಿದರೆ ಅವಳು ತಿರುಗುತ್ತಿದ್ದಳು. ಅಣ್ಣನಿಗೆ ಕಿವಿ ಕೇಳುತ್ತಿದ್ದರೂ ಅವಳು ಅವನನ್ನು ಕರೆಯುವುದೂ ಹಾಗೆಯೇ. ಕೆಳಗಿನ ಮನೆಯಲ್ಲಿದ್ದದ್ದು ನಿವೃತ್ತ ಗಣಿತದ ಟೀಚರ್, ಒಂಟಿ ಹೆಂಗಸು.

“ಏನಪ್ಪಾ ಕತ್ತರಿ, ಮೇಲೆ ಆನೆ ಕಟ್ಟಿದ್ದೀಯಾ? ನನ್ನ ಚಹಾದಲ್ಲಿ ನಿನ್ನ ಮನೆ ಸುಣ್ಣ ಬೀಳ್ತಿದೆ.”

“ತಂಗಿ ಕರೀತಿದ್ಲು ಟೀಚರ್.”

“ಕರೀಲಿ, ಬೇಡ ಅಂದ್ನಾ? ಸ್ವಲ್ಪ ಪಿಸುಮಾತಲ್ಲಿ ಕರೀಬಾರದಾ?”

ಕತ್ತರಿ ಮೇಲೆ ಹೋಗಿ ಇದನ್ನು ತಂಗಿಗೆ ಕೈಯಲ್ಲಿ ಹೇಳಿದ. ಮರುದಿನ ಅವಳು ಕಾಲುಬೆರಳ ತುದಿಯಲ್ಲಿ ಟುಕುಟುಕು ತುಳಿದು, ಆಮೇಲೆ ಕೆಳಗಿಳಿದು ಬಂದು, ಟೀಚರ ಎದುರು ನಿಂತು ‘ಇದು ಪಿಸುಮಾತು’ ಎಂದು ಕೈಮಾಡಿ ತೋರಿಸಿದಳು. ಟೀಚರ್ ನಕ್ಕಿದ್ದೇ ನಕ್ಕಿದ್ದು. ಅಂದಿನಿಂದ ಚಾವಣಿಯ ಸುಣ್ಣದ ಬಗ್ಗೆ ದೂರು ನಿಂತುಹೋಯಿತು.

ಇವರಿಬ್ಬರ ಸಂಬಂಧದಲ್ಲಿ ಒಂದು ವಿಷಯ ತಿಳಿದಿರಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅವಳು ಎರಡು ವರ್ಷದವಳಿದ್ದಾಗ ಒಂದು ದಿನವೆಲ್ಲ ಅತ್ತಳು. ಅಮ್ಮನಿಗೆ ಏನೆಂದು ತಿಳಿಯಲಿಲ್ಲ, ಡಾಕ್ಟರಿಗೂ ತಿಳಿಯಲಿಲ್ಲ. ಹನ್ನೊಂದು ವರ್ಷದ ಅಣ್ಣ ಅವಳ ಮುಂದೆ ಕೂತು, ಎರಡು ತೋರುಬೆರಳುಗಳನ್ನು ಎದುರುಬದುರು ಹಿಡಿದು, ಬಟ್ಟೆ ಹಿಂಡುವ ಹಾಗೆ ತಿರುಚಿ, ಮುಖ ಹಿಂಡಿ ತೋರಿಸಿದ. ಮೊದಲು ತನ್ನ ಹಲ್ಲಿನ ಹತ್ತಿರ ತಿರುಚಿದ, ಆಮೇಲೆ ಹೊಟ್ಟೆಯ ಹತ್ತಿರ, ಆಮೇಲೆ ಕಿವಿಯ ಹತ್ತಿರ. ಕಿವಿಗೆ ಬಂದಾಗ ಅವಳು ಅಳು ನಿಲ್ಲಿಸಿ, ತನ್ನ ಪುಟ್ಟ ಬೆರಳುಗಳನ್ನು ತನ್ನ ಕಿವಿಯ ಬಳಿ ತಂದು ಹಾಗೆಯೇ ತಿರುಚಿದಳು. ಅವಳ ಮೊದಲ ಮಾತು ಅದು. ಮುಂದೆ ಎಲ್ಲ ಮಾತನ್ನೂ ಅವರು ಎದೆಯ ಮುಂದೆ ಆಡಿಕೊಂಡರು, ನೋವನ್ನು ಮಾತ್ರ ನೋವಿದ್ದ ಜಾಗದಲ್ಲೇ. ಮೊಣಕಾಲು ನೋವಾದರೆ ಬಗ್ಗಿ ಮೊಣಕಾಲಿನ ಬಳಿ ಬೆರಳು ತಿರುಚಬೇಕು. ಬೇರೆಲ್ಲೋ ತಿರುಚಿದರೆ ಅದು ಬೇರೆ ನೋವಾಗುತ್ತದೆ. ಅಮ್ಮ ಇರುವತನಕ ಅಮ್ಮನಿಗೂ, ಅಮ್ಮ ಹೋದ ಮೇಲೆ ಡಾಕ್ಟರುಗಳಿಗೂ ತಂಗಿಯ ನೋವನ್ನು ಬಿಡಿಸಿ ಹೇಳಿದವನು ಕತ್ತರಿಯೇ. ಅವನು ‘ಇದೇನಲ್ಲ, ಬಿಡು’ ಎಂದರೆ ಅವಳು ಬಿಟ್ಟುಬಿಡುತ್ತಿದ್ದಳು. ಡಾಕ್ಟರು ಹೇಳಿದ್ದರೂ ಅಷ್ಟು ನಂಬುತ್ತಿರಲಿಲ್ಲ.

ಜನರ ಕೈಗೆಲ್ಲ ಕ್ಯಾಮೆರಾ ಫೋನು ಬಂದ ಮೇಲೆ ಸ್ಟುಡಿಯೊ ಮುಚ್ಚಿತು. ಮೂವತ್ತೈದನೆಯ ವಯಸ್ಸಿನಲ್ಲಿ ಕತ್ತರಿ ಸಂಜೆ ತರಗತಿಗೆ ಸೇರಿ, ತನ್ನ ಅರ್ಧ ವಯಸ್ಸಿನವರ ಪಕ್ಕ ಕೂತು, ಮೊಬೈಲ್ ಆ್ಯಪ್ ಬರೆಯುವುದನ್ನು ಕಲಿತ. ಆಮೇಲೆ ಎಂಟು ಜನರ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಫೋನಿನ ಕ್ಯಾಮೆರಾ ಮುಂದೆ ಮುಖ ತೋರಿಸಿದರೆ ನೀವು ನೀವೇ ಹೌದೋ ಅಲ್ಲವೋ ಎಂದು ಖಾತರಿ ಮಾಡುವ ಆ್ಯಪ್ ಅವರದು. ನೇರವಾಗಿ ಬರುತ್ತಿರುವ ವೀಡಿಯೊದಲ್ಲಿ ಮುಖದ ಭಾಗವನ್ನಷ್ಟೇ ಕತ್ತರಿಸಿ, ಅಳತೆಗೆ ಇಳಿಸಿ, ಮುಂದಕ್ಕೆ ಕಳಿಸಬೇಕು.

“ಪರವಾಗಿಲ್ಲವೇ, ನಿನ್ನ ಹಳೇ ಕಸುಬೇ ಸಿಕ್ತು” ಎಂದರು ಟೀಚರ್.

“ಆಗ ದಿನಕ್ಕೆ ಮೂವತ್ತು ಕತ್ತರಿಸ್ತಿದ್ದೆ ಟೀಚರ್. ಈಗ ಸೆಕೆಂಡಿಗೆ ಮೂವತ್ತು.”

ಅದು ಉತ್ಪ್ರೇಕ್ಷೆಯಲ್ಲ. ವೀಡಿಯೊ ಎನ್ನುವುದು ಒಂದರ ಹಿಂದೆ ಒಂದು ಓಡುವ ಫೋಟೊಗಳ ಸಾಲು. ಸೆಕೆಂಡಿಗೆ ಮೂವತ್ತು, ಒಂದೊಂದರಲ್ಲಿ ಇಪ್ಪತ್ತು ಲಕ್ಷ ಚುಕ್ಕೆ. ಅವನು ಸೇರಿದಾಗ ಆ ಆ್ಯಪ್ ಪ್ರತಿ ಫೋಟೊವನ್ನೂ ಪೂರ್ತಿಯಾಗಿ ನಕಲು ಮಾಡಿ, ಪೂರ್ತಿಯಾಗಿ ಚಿಕ್ಕದು ಮಾಡಿ, ಕೊನೆಗೆ ಮುಖ ಕತ್ತರಿಸಿಕೊಳ್ಳುತ್ತಿತ್ತು. ಹತ್ತು ನಿಮಿಷಕ್ಕೆ ಫೋನು ಇಸ್ತ್ರಿಪೆಟ್ಟಿಗೆಯಾಗುತ್ತಿತ್ತು. ಕತ್ತರಿಗೆ ಸ್ಟುಡಿಯೊ ಯಜಮಾನರ ಬೈಗುಳ ನೆನಪಾಯಿತು: “ಎಸೆಯೋ ಭಾಗಕ್ಕೆ ಯಾಕಯ್ಯಾ ಮೈ ಬಗ್ಗಿಸ್ತೀಯ?” ಮೊದಲು ಕತ್ತರಿಸಿಬಿಟ್ಟರೆ, ಉಳಿದಷ್ಟನ್ನೇ ಚಿಕ್ಕದು ಮಾಡಿದರೆ ಸಾಕಲ್ಲ. ಮತ್ತೆ, ಕತ್ತರಿಸಲು ನಕಲೂ ಬೇಕಿಲ್ಲ. ಇಡೀ ಫೋಟೊ ಅದು ಇದ್ದ ಜಾಗದಲ್ಲೇ ಇರಲಿ. ಇಷ್ಟನೇ ಸಾಲಿನಿಂದ ಇಷ್ಟನೇ ಸಾಲಿನವರೆಗೆ ನೋಡು ಎಂದು ಯಂತ್ರಕ್ಕೆ ಹೇಳಿದರಾಯಿತು. ಫೋಟೊ ತೊಳೆಯುವ ಟ್ರೇಗಳಂತೆ ಮೂರೇ ಮೂರು ತಟ್ಟೆಗಳನ್ನಿಟ್ಟುಕೊಂಡು ಅವನ್ನೇ ಸರದಿಯಲ್ಲಿ ತುಂಬಿಸಿ ಖಾಲಿ ಮಾಡಿದ. ತಡವಾಗಿ ಬಂದ ಫೋಟೊಗೆ ಕಾಯದೆ ಬಿಟ್ಟುಬಿಟ್ಟ. ಫೋನು ತಣ್ಣಗಾಯಿತು. ಆಫೀಸಿನಲ್ಲಿ ಅವನ ಮೇಲಿದ್ದ ಮೇಡಂ, ವಯಸ್ಸಿನಲ್ಲಿ ಅವನಿಗಿಂತ ಚಿಕ್ಕವರು, ಎಲ್ಲರೆದುರೂ ಹೊಗಳಿದರು.

“ಒಂದು ಚುಕ್ಕೆಯನ್ನೂ ವೇಸ್ಟ್ ಮಾಡಿಲ್ಲ ನೋಡಿ ಇವರು. ಕೈಕಾಲು ಕಟ್ಕೊಂಡು ನಮಗೇನಾಗಬೇಕು? ಮುಖ ಇದ್ರೆ ಸಾಕು.”

ಆ ಹೊತ್ತಿಗೆ ತಂಗಿ ಮನೆಯಲ್ಲಿರಲಿಲ್ಲ. ಬಸ್ಸಿನಲ್ಲಿ ನಾಲ್ಕು ಗಂಟೆಯ ದೂರದ ಇನ್ನೊಂದು ಊರಿನಲ್ಲಿ ಹೊಲಿಗೆಯ ಕಾರ್ಖಾನೆಯೊಂದಿತ್ತು, ಪಕ್ಕದಲ್ಲೇ ಹಾಸ್ಟೆಲ್. ಅಲ್ಲಿ ಹೊಲಿಯುವ ನಲವತ್ತು ಹೆಂಗಸರೂ ಕೈಮಾತಿನವರು. ಅದನ್ನು ಕೇಳಿದ್ದೇ ತಡ, ಅವಳು ಹೋಗುತ್ತೇನೆಂದು ಹಟ ಹಿಡಿದಳು.

‘ಅಲ್ಲಿ ನಲವತ್ತು ಜನ ಇದ್ದಾರೆ’ ಎಂದಳು. ‘ಇಲ್ಲಿ ನೀನೊಬ್ಬ. ಮೂವತ್ತು ವರ್ಷದಿಂದ ನಿನ್ನ ಅದೇ ಎಂಟು ಜೋಕು ನೋಡ್ತಿದ್ದೀನಿ.’

‘ಒಂಬತ್ತು’ ಎಂದ ಕತ್ತರಿ.

‘ಒಂಬತ್ತನೇದಕ್ಕೆ ನಾನು ಯಾವತ್ತೂ ನಕ್ಕಿಲ್ಲ.’

ಹೋದಳು. ಮಹಡಿಯ ನೆಲ ಸುಮ್ಮನಾಯಿತು. ಟೀಚರ್ ಎರಡು ದಿನ ನೋಡಿ ಮೂರನೆಯ ದಿನ ಮೆಟ್ಟಿಲ ಕೆಳಗೆ ನಿಂತು “ಲೋ ಕತ್ತರಿ, ಒಂದ್ಸಲ ತುಳಿಯೋ, ಚಹಾ ಸಪ್ಪೆ ಆಗಿದೆ” ಎಂದು ಕೂಗಿದರು.

ಅಣ್ಣತಂಗಿಯರು ದಿನಾ ಸಂಜೆ ಆರೂವರೆಗೆ ವೀಡಿಯೊ ಕರೆ ಮಾಡಿಕೊಳ್ಳುತ್ತಿದ್ದರು. ಎಲ್ಲರೂ ಬಳಸುವ ಆ್ಯಪ್‌ಗಳು ಅವಳ ಹಳೆಯ ಫೋನಿನಲ್ಲಿ ತಡವರಿಸುತ್ತಿದ್ದವು. ಬಾಯಿಮಾತಿನವರಿಗೆ ಚಿತ್ರ ತಡವರಿಸಿದರೆ ಅಷ್ಟೇನೂ ನಷ್ಟವಿಲ್ಲ, ದನಿ ಬರುತ್ತಿರುತ್ತದೆ. ಇವರಿಗೆ ಚಿತ್ರ ತಡವರಿಸಿದರೆ ಮಾತೇ ತೊದಲಿದ ಹಾಗೆ. ಅವಳ ಬೆರಳುಗಳು ಪರದೆಯ ಮೇಲೆ ಒದ್ದೆ ಬಣ್ಣದಂತೆ ಕಲಸಿಹೋಗುತ್ತಿದ್ದವು. ಹೊಸ ಫೋನು ತಂದುಕೊಡುತ್ತೇನೆಂದರೆ ಬೇಡವೇ ಬೇಡ ಎಂದಳು.

‘ಬೆಳಗಿನ ಅಲಾರಮ್ಮಿಗೆ ಇದು ನಡುಗಿದರೆ ದಿಂಬಿನ ಕೆಳಗೆ ಎಮ್ಮೆ ಮೈಕೊಡವಿದ ಹಾಗಿರುತ್ತೆ. ಹೊಸವೆಲ್ಲ ಬರೀ ಕಚಗುಳಿ. ನಾನು ಏಳೋದೇ ಇಲ್ಲ.’

ಸರಿ, ಕತ್ತರಿ ಆಫೀಸಿನ ತನ್ನ ಕಸುಬನ್ನೇ ಮನೆಗೆ ತಂದು, ಇಬ್ಬರಿಗೆಂದೇ ಒಂದು ಆ್ಯಪ್ ಬರೆದ. ಜಗತ್ತಿನಲ್ಲಿ ಅದನ್ನು ಬಳಸುವವರು ಇಬ್ಬರೇ. ಒಳಗೆ ಹೋಗಲು ಪಾಸ್‌ವರ್ಡು ಇಲ್ಲ, ಅಣ್ಣ ಅಥವಾ ತಂಗಿ ಎಂಬ ಎರಡು ಬಟನ್ನು ಅಷ್ಟೇ. ಏನು ಮಾಡಿದರೂ ಅವಳ ಫೋನು ಇಡೀ ಫೋಟೊ ಹೊತ್ತರೆ ಸೆಕೆಂಡಿಗೆ ಹದಿನೆಂಟರ ಮೇಲೆ ಹತ್ತುತ್ತಿರಲಿಲ್ಲ. ಇಡೀ ಫೋಟೊವನ್ನು ಇನ್ನೂ ಚಿಕ್ಕದು ಮಾಡಿದರೆ ಓಡುತ್ತಿತ್ತು, ಆದರೆ ಬೆರಳುಗಳು ಇರುವೆಗಳಾಗುತ್ತಿದ್ದವು. ಕೊನೆಗೆ ಎದೆಯಿಂದ ಮೇಲಿನ ಚೌಕವನ್ನಷ್ಟೇ ಉಳಿಸಿ ಉಳಿದದ್ದನ್ನು ಬಿಟ್ಟ. ಪರದೆಯ ಮೂಲೆಯಲ್ಲಿ ಅವನಿಟ್ಟಿದ್ದ ಸಣ್ಣ ಹಸಿರು ಅಂಕಿ ಮೂವತ್ತಕ್ಕೆ ಹೋಗಿ ಅಲ್ಲೇ ನಿಂತಿತು. ಬೆರಳುಗಳು ನೀರಿನಂತೆ ಹರಿದವು.

‘ಇನ್ನು ಚೌಕದೊಳಗೆ ಮಾತಾಡಬೇಕು. ಕೈ ಎದೆಗಿಂತ ಕೆಳಗೆ ಹೋದರೆ ನನಗೆ ಕಾಣಲ್ಲ.’

‘ಕೊನೆಗೂ ನನ್ನನ್ನೂ ಪಾಸ್‌ಪೋರ್ಟ್ ಫೋಟೊ ಮಾಡಿಬಿಟ್ಟೆ’ ಎಂದಳು ಅವಳು. ಹಾಗೆಂದವಳೇ ಎದ್ದು, ಬಟ್ಟೆ ಗುರುತಿಸುವ ಸೀಮೆಸುಣ್ಣ ತಂದು, ತೊಟ್ಟಿದ್ದ ನೀಲಿ ಏಪ್ರನ್ನಿನ ಮೇಲೆ ಎದೆಯ ಅಡ್ಡಕ್ಕೆ ಒಂದು ಬಿಳಿ ಗೆರೆ ಎಳೆದಳು. ‘ಇದರ ಮೇಲೆ ಊರು. ಕೆಳಗೆ ಪರದೇಶ.’

ಅಂದಿನಿಂದ ದಿನಾ ಕರೆಗೆ ಮೊದಲು ಏಪ್ರನ್ನಿಗೆ ಗೆರೆ ಎಳೆದುಕೊಳ್ಳುವುದು ಅವಳಿಗೆ ರೂಢಿಯಾಯಿತು. ಮಾತನ್ನೆಲ್ಲ ಎತ್ತಿ ಎತ್ತಿ ಗಲ್ಲದ ಹತ್ತಿರ ಆಡಲು ಕಲಿತಳು. ಕರೆ ಶುರುವಾದ ಕೂಡಲೇ ಹುಬ್ಬು ಹಾರಿಸಿ ಕೇಳುತ್ತಿದ್ದಳು: ಹೇಗಿದೆ ಇವತ್ತು, ಸರಿಯಾಗಿ ಓಡುತ್ತಿದೆಯಾ? ಅವನು ಮೂಲೆಯ ಅಂಕಿ ನೋಡಿ ಉತ್ತರ ಕೊಡುತ್ತಿದ್ದ. ಗೆರೆ ಸರಿಯಾದ ಜಾಗದಲ್ಲಿ ಬೀಳುತ್ತಿದೆಯೋ ಇಲ್ಲವೋ ಎಂದು ಆಮೇಲೆ ನೋಡಿಕೊಳ್ಳಲು, ಅವಳ ಫೋನಿನಲ್ಲಿ ಸೆಕೆಂಡಿಗೊಂದು ಇಡೀ ಫೋಟೊವನ್ನು, ಕತ್ತರಿಸದೆ, ಎತ್ತಿಡುವ ಏರ್ಪಾಡನ್ನೂ ಮಾಡಿದ್ದ. ಬಿಡುವಾದಾಗ ನೋಡೋಣವೆಂದು ಇಟ್ಟದ್ದು. ನೋಡಿರಲಿಲ್ಲ.

ಹೀಗೆ ಒಂದು ವರ್ಷ ಚೆನ್ನಾಗಿಯೇ ನಡೆಯಿತು.

ಒಂದು ಬುಧವಾರ ಸಂಜೆ ಆರೂವರೆಗೆ ಕರೆ ಬಂತು. ಹಿಂದಿನ ದಿನ ಕತ್ತರಿ ಹೊಸದೊಂದು ಬದಲಾವಣೆ ಮಾಡಿದ್ದ. ಅದೇನೂ ದೊಡ್ಡದಲ್ಲ, ಚಿಕ್ಕದು ಮಾಡುವ ಕೆಲಸವನ್ನು ಫೋನಿನ ಮುಖ್ಯ ಮಿದುಳಿನಿಂದ ತೆಗೆದು, ಚಿತ್ರ ಬರೆಯುವ ಇನ್ನೊಂದು ಮಿದುಳಿಗೆ ವಹಿಸಿದ್ದ. ಹಾಗಾಗಿ ಅವತ್ತು ಅವನ ಕಣ್ಣೆಲ್ಲ ಹಸಿರು ಅಂಕಿಯ ಮೇಲೆ. ಮೂವತ್ತು. ಮೂವತ್ತು. ಮೂವತ್ತು. ತಂಗಿಯ ಮುಖ ಸ್ವಲ್ಪ ಬಿಳಿಚಿಕೊಂಡಿತ್ತು. ಹಾಸ್ಟೆಲಿನ ದೀಪ ಎಂದುಕೊಂಡ. ಅವಳ ಭುಜಗಳು ಮೆಲ್ಲಗೆ ಅಲುಗುತ್ತಿದ್ದವು. ಮಡಿಲಲ್ಲಿ ಏನೋ ಹೊಲಿಗೆ ಇಟ್ಟುಕೊಂಡಿದ್ದಾಳೆ ಎಂದುಕೊಂಡ. ಮುಖ ಒಮ್ಮೆ ಹಿಂಡಿತು, ಸೂಜಿ ಚುಚ್ಚಿತೇನೋ. ಆಮೇಲೆ ಅವಳು ಹುಬ್ಬು ಹಾರಿಸಿ, ದಿನಾ ಕೇಳುವ ಹಾಗೆಯೇ, ಕೇಳಿದಳು.

ಕತ್ತರಿ ಎರಡೂ ಕೈ ಎತ್ತಿ ಖುಷಿಯಿಂದ ಹೇಳಿದ: ‘ಚೆನ್ನಾಗಿದೆ. ತುಂಬ ಚೆನ್ನಾಗಿದೆ. ಏನೂ ತೊಂದರೆ ಇಲ್ಲ. ಹೀಗೇ ಇರಲಿ ಬಿಡು.’

ಅವಳು ಅವನನ್ನು ಒಂದು ಗಳಿಗೆ ನೋಡಿದಳು. ತಲೆಯಾಡಿಸಿದಳು. ‘ನಿದ್ದೆ ಬರ್ತಿದೆ, ಮಲಗ್ತೀನಿ’ ಎಂದು ಕೆನ್ನೆಗೆ ಕೈ ಆನಿಸಿ ತೋರಿಸಿ ಕರೆ ಮುಗಿಸಿದಳು.

ಗುರುವಾರ ಅವಳು ಕರೆ ತೆಗೆಯಲಿಲ್ಲ. ಕಾರ್ಖಾನೆಯಲ್ಲಿ ಕೆಲಸ ಜಾಸ್ತಿಯಿರಬೇಕು ಎಂದು ಸುಮ್ಮನಾದ. ಶುಕ್ರವಾರ ಮಧ್ಯಾಹ್ನ ಹಾಸ್ಟೆಲಿನ ವಾರ್ಡನ್ ಫೋನು ಮಾಡಿದರು. ಅವರಿಗೆ ಕೈಮಾತು ಅಷ್ಟಾಗಿ ಬಾರದು, ಗಾಬರಿಯಲ್ಲಿ ಬಾಯಿಮಾತೂ ಸರಿಯಾಗಿ ಬರುತ್ತಿರಲಿಲ್ಲ.

“ಬೆಳಿಗ್ಗೆ ಮೆಷಿನ್ ಮೇಲೇ ಬಿದ್ದುಬಿಟ್ರು ಸರ್. ಹೊಟ್ಟೆ ಒಳಗೆ ಅಪೆಂಡಿಕ್ಸ್ ಒಡೆದು ಎರಡು ದಿನ ಆಗಿರಬೇಕು ಅಂತಿದ್ದಾರೆ. ಬೇಗ ಬನ್ನಿ ಸರ್.”

ಅವನು ತಲುಪಿದಾಗ ಆಪರೇಷನ್ ಮುಗಿದಿತ್ತು, ತಂಗಿಗೆ ಎಚ್ಚರವಿರಲಿಲ್ಲ. ಆಸ್ಪತ್ರೆಯ ಬಿಳಿ ಹೊದಿಕೆಯನ್ನು ಎದೆಯವರೆಗೆ ಎಳೆದಿದ್ದರು. ತಲೆ, ಭುಜ, ಅಷ್ಟೇ ಕಾಣುತ್ತಿತ್ತು. ಕತ್ತರಿ ನರ್ಸನ್ನು ಕರೆದು, ಅವಳ ಕೈಗಳನ್ನು ಹೊದಿಕೆಯ ಹೊರಗೆ ಇಡಬಹುದೇ ಎಂದು ಕೇಳಿದ.

“ಚಳಿ ಆಗುತ್ತೆ ಅವರಿಗೆ.”

“ಎದ್ರೆ ಮಾತಾಡಬೇಕಲ್ಲ ಸಿಸ್ಟರ್.”

ನರ್ಸ್ ಅವನ ಮುಖ ನೋಡಿ, ಸೂಜಿ ಚುಚ್ಚಿದ್ದ ಎಡಗೈಯನ್ನೂ ಬರಿದಾಗಿದ್ದ ಬಲಗೈಯನ್ನೂ ಮೆಲ್ಲಗೆ ಮೇಲೆ ತಂದಿಟ್ಟರು. ಅವು ಇಟ್ಟ ಹಾಗೆಯೇ ಇದ್ದವು. ಶನಿವಾರ ಬೆಳಗ್ಗೆ, ಕಾರಿಡಾರಿನಲ್ಲಿ ನೆಲ ಒರೆಸುವವರು ಬರುವ ಹೊತ್ತಿಗೆ, ಅವಳು ಹೋದಳು.

ಹಾಸ್ಟೆಲಿನಲ್ಲಿ ಅವಳ ಪಕ್ಕದ ಮಂಚದ ಗೆಳತಿ ಅವಳ ಬಟ್ಟೆಬರೆ, ಫೋನು, ಸೀಮೆಸುಣ್ಣದ ಡಬ್ಬಿ ಎಲ್ಲವನ್ನೂ ಚೀಲಕ್ಕೆ ತುಂಬಿ ಅವನಿಗೆ ಕೊಟ್ಟಳು. ಆಮೇಲೆ ಅವಳ ಕೈಗಳಲ್ಲಿ ಸಿಟ್ಟು ತುಂಬಿಕೊಂಡಿತು. ಅದನ್ನು ತಡೆಯಲು ಅವಳು ಪ್ರಯತ್ನಿಸಲೂ ಇಲ್ಲ.

‘ಬುಧವಾರವೇ ಹೇಳಿದೆ, ಆಸ್ಪತ್ರೆಗೆ ನಡಿ ಅಂತ. ಗುರುವಾರ ಎಳೆದೆ. ಬರಲಿಲ್ಲ. ಅಣ್ಣನಿಗೆ ತೋರಿಸಿದ್ದೀನಿ ಅಂದಳು. ಅವನು ಏನೂ ತೊಂದರೆ ಇಲ್ಲ ಅಂದಿದ್ದಾನೆ, ಹೀಗೇ ಇರಲಿ ಬಿಡು ಅಂದಿದ್ದಾನೆ, ಅವನಿಗೆ ನನ್ನ ನೋವೆಲ್ಲ ಗೊತ್ತು ಅಂದಳು. ನೀನು ಯಾಕೆ ಹಾಗಂದೆ?’

‘ನನಗೆ ತೋರಿಸಲಿಲ್ಲ’ ಎಂದ ಕತ್ತರಿ. ‘ನನಗೆ ಏನೂ ತೋರಿಸಲಿಲ್ಲ.’

‘ನಾನು ಅಲ್ಲೇ ಇದ್ದೆ’ ಎಂದಳು ಗೆಳತಿ. ‘ನಾನು ನೋಡಿದೆ.’

ಊರಿಗೆ ಬಂದು, ಬಾಗಿಲು ಹಾಕಿಕೊಂಡು, ಅವನು ತಂಗಿಯ ಫೋನು ತೆರೆದ. ಸೆಕೆಂಡಿಗೊಂದರಂತೆ ಎತ್ತಿಟ್ಟ ಇಡೀ ಫೋಟೊಗಳು ಅಲ್ಲಿದ್ದವು, ಒಂದು ವರ್ಷದವು. ಅವನ ವಿದ್ಯೆಯ ಹೆಚ್ಚುಗಾರಿಕೆಯೇ ಅದಾಗಿತ್ತಲ್ಲ: ಕತ್ತರಿಸಿದ ಭಾಗವನ್ನು ನಿಜವಾಗಿ ಎಲ್ಲೂ ಎಸೆಯುವುದಿಲ್ಲ, ಇಡೀ ಚಿತ್ರ ಇದ್ದಲ್ಲೇ ಇರುತ್ತದೆ, ಎಲ್ಲಿಯವರೆಗೆ ನೋಡಬೇಕೆಂದು ಹೇಳುವುದಷ್ಟೇ. ಬುಧವಾರದ್ದನ್ನು ತೆಗೆದ.

ನೀಲಿ ಏಪ್ರನ್, ಅಡ್ಡಕ್ಕೆ ಬಿಳಿಯ ಗೆರೆ. ಗೆರೆಯ ಕೆಳಗೆ, ಹೊಟ್ಟೆಯ ಬಲಬದಿಯಲ್ಲಿ, ಎರಡು ತೋರುಬೆರಳುಗಳು ಎದುರುಬದುರು. ಮುಂದಿನ ಫೋಟೊದಲ್ಲೂ ಅಲ್ಲೇ. ಮುಂದಿನದರಲ್ಲೂ. ಹನ್ನೊಂದು ಫೋಟೊಗಳಲ್ಲಿ ಅವಳು ಅದೊಂದನ್ನೇ ಹೇಳುತ್ತಿದ್ದಳು, ನೋವು ಇರುವ ಜಾಗದಲ್ಲಿ, ಅವನೇ ಕಲಿಸಿದ ಹಾಗೆ. ಹನ್ನೆರಡನೆಯದರಲ್ಲಿ ಅವಳಿಗೆ ಗೆರೆ ನೆನಪಾಗಿರಬೇಕು. ತಲೆ ತಗ್ಗಿಸಿ ಏಪ್ರನ್ ನೋಡುತ್ತಿದ್ದಳು. ಹದಿಮೂರನೆಯದರಲ್ಲಿ ಆ ಬೆರಳುಗಳು ಗೆರೆ ದಾಟಿ ಮೇಲೆ ಬಂದಿದ್ದವು, ಎದೆಯ ಮುಂದೆ, ಚೌಕದ ಒಳಗೆ. ಹದಿನಾಲ್ಕನೆಯದರಲ್ಲಿ ಮತ್ತೆ ಕೆಳಗೆ. ಎದೆಯಲ್ಲಿ ನೋವಿರಲಿಲ್ಲವಲ್ಲ, ಅಲ್ಲಿ ಹೇಳಿದರೆ ಸುಳ್ಳಾಗುತ್ತಿತ್ತು. ಹದಿನೈದನೆಯದರಲ್ಲಿ ಹುಬ್ಬು ಹಾರಿಸಿದ್ದಳು.

ಕತ್ತರಿ ಹದಿಮೂರನೆಯದನ್ನು ಎಷ್ಟು ಹೊತ್ತು ನೋಡಿದನೋ. ಉಳಿದದ್ದಕ್ಕೆಲ್ಲ ಚೌಕವನ್ನು ಹೊಣೆ ಮಾಡಬಹುದಿತ್ತು. ಇದೊಂದು ಚೌಕದ ಒಳಗೇ ಇತ್ತು. ಒಂದು ಸೆಕೆಂಡು, ಅಂದರೆ ಮೂವತ್ತು ಫೋಟೊ, ಒಂದೂ ತಡವರಿಸದೆ, ನೀರಿನಂತೆ ಹರಿದು ಅವನ ಪರದೆಗೆ ಬಂದಿತ್ತು. ಆ ಸೆಕೆಂಡಿನಲ್ಲಿ ಅವನು ಮೂಲೆಯ ಅಂಕಿಯನ್ನು ನೋಡುತ್ತಿದ್ದ.

ಆ ಮಧ್ಯಾಹ್ನ ಕೆಳಗಿನ ಮನೆಯ ಟೀಚರಿಗೆ ಚಾವಣಿಯಲ್ಲಿ ಸದ್ದು ಕೇಳಿಸಿತು. ದಢ್. ದಢ್ ದಢ್. ವರ್ಷಕ್ಕೂ ಮೇಲಾಗಿ ಕೇಳದ ಸದ್ದು. ಚಹಾದ ಲೋಟದಲ್ಲಿ ಸುಣ್ಣ ಉದುರಿತು. ಅವರು ಲೋಟ ಕೆಳಗಿಟ್ಟು, ಮೊಣಕಾಲು ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು ಹತ್ತಿ ಬಂದರು. ಬಾಗಿಲು ತಟ್ಟಿದರೆ ತೆಗೆಯಲಿಲ್ಲ. ತಳ್ಳಿದರು. ಕೋಣೆಯ ನಡುವೆ ನಿಂತು, ಖಾಲಿ ಅಡುಗೆಮನೆಯ ಕಡೆಗೆ ಮುಖ ಮಾಡಿ, ನಲವತ್ತೆರಡು ವರ್ಷದ ಗಂಡಸು ನೆಲ ತುಳಿಯುತ್ತಿದ್ದ.

ಟೀಚರ್ ಹೋಗಿ ಅಡುಗೆಮನೆಯ ಬಾಗಿಲಲ್ಲಿ, ಅವನು ನೋಡುತ್ತಿದ್ದ ಕಡೆಯಲ್ಲೇ ನಿಂತರು. ತಮಗೆ ಬರುತ್ತಿದ್ದ ಒಂದೇ ಒಂದು ಕೈಮಾತನ್ನು, ಆ ಹುಡುಗಿಯೇ ಕಲಿಸಿದ್ದನ್ನು, ಆಡಿದರು: ‘ಚಹಾ?’

ಆಗ ಅವನು ನೆಲದ ಮೇಲೆ ಕೂತುಬಿಟ್ಟ.

ಆಫೀಸಿಗೆ ಒಂದು ತಿಂಗಳು ಹೋದ. ಅಲ್ಲಿ ದಿನಾ ಅದೇ ಕೆಲಸ. ಹೊಸ ಹೊಸ ಫೋನುಗಳಿಗೆ ಚೌಕ ಹೊಂದಿಸುವುದು, ಮುಖ ಉಳಿಸಿ ಉಳಿದದ್ದನ್ನು ಬಿಡುವುದು. ಒಂದು ದಿನ ಮೇಡಂ ಹತ್ತಿರ ಹೋಗಿ ಎಲ್ಲವನ್ನೂ ಹೇಳಿ, ಆ ಫೋಟೊಗಳನ್ನು ತೋರಿಸಿ, ತನ್ನ ಕೋಡನ್ನೂ ಮುಂದಿಟ್ಟ. ಮೇಡಂ ಕೋಡನ್ನು ಸಾಲುಸಾಲಾಗಿ ಓದಿದರು. ಕಣ್ಣೊರೆಸಿಕೊಂಡು ಹೇಳಿದರು:

“ಇದರಲ್ಲಿ ಒಂದು ತಪ್ಪೂ ಇಲ್ಲ. ದಯವಿಟ್ಟು ನಿಮ್ಮನ್ನ ನೀವು ಬೈಕೋಬೇಡಿ. ಯಾರು ಬರೆದಿದ್ರೂ ಹೀಗೇ ಬರೀತಿದ್ರು.”

“ಇಲ್ಲ ಮೇಡಂ, ತಪ್ಪಿಲ್ಲ. ನಾನೂ ಎಷ್ಟು ಸಲ ಹುಡುಕಿದೆ” ಎಂದ ಕತ್ತರಿ. “ಒಂದಾದ್ರೂ ಸಿಗಬಹುದು ಅಂತ.”

ಮರುವಾರ ಕೆಲಸ ಬಿಟ್ಟ.

ಹಾಸ್ಟೆಲಿನ ಆ ಗೆಳತಿ ಮಧ್ಯೆ ಎರಡು ಸಲ ವೀಡಿಯೊ ಕರೆ ಮಾಡಿದ್ದಳು. ಮೊದಲ ಸಲ, ಅವತ್ತು ಸಿಟ್ಟು ಮಾಡಿದ್ದಕ್ಕೆ ಕ್ಷಮೆ ಕೇಳಲು. ಕತ್ತರಿ ಕ್ಷಮೆ ಬೇಡವೆಂದ. ಎರಡನೆಯ ಸಲ, ಇನ್ನೊಬ್ಬಳಿಗೆ ಜ್ವರ ಬಂದು ಆಸ್ಪತ್ರೆಗೆ ಹೋದರೆ ಅಲ್ಲಿ ಯಾರಿಗೂ ಅವಳ ಮಾತು ತಿಳಿಯುತ್ತಿಲ್ಲ, ನೀನು ಫೋನಿನಲ್ಲಿ ನೋಡಿ ಡಾಕ್ಟರಿಗೆ ಹೇಳುತ್ತೀಯಾ ಎಂದು. ಅವನು ಫೋನಿನಲ್ಲಿ ನೋಡಲಿಲ್ಲ. ‘ಅವಳನ್ನ ಅಲ್ಲೇ ಇರಿಸ್ಕೋ’ ಎಂದು ಹೇಳಿ, ಬಸ್ಸು ಹಿಡಿದು, ನಾಲ್ಕು ಗಂಟೆ ಪ್ರಯಾಣ ಮಾಡಿ, ಆ ಹೆಂಗಸಿನ ಮುಂದೆ ಕೂತು, ಅವಳ ನೋವನ್ನು ಡಾಕ್ಟರಿಗೆ ಬಿಡಿಸಿ ಹೇಳಿ ಬಂದ. ಆಮೇಲೆ ವಾರ್ಡನ್ನೇ ಕೇಳಿದರು, ಈ ಊರಿಗೇ ಬಂದು ಇರಬಾರದೇ ಅಂತ. ಅವನು ಯೋಚಿಸಲು ಸಮಯವನ್ನೂ ಕೇಳಲಿಲ್ಲ.

ಮನೆ ಖಾಲಿ ಮಾಡಿದ ದಿನ ಬೆಳಗ್ಗೆ ನಮ್ಮ ಬೀದಿಯವರಲ್ಲಿ ಕೆಲವರು ಗೇಟಿನ ಬಳಿ ಸೇರಿದ್ದರು. ನಗಿಸುವ ಮಾತು ಯಾರಿಗೂ ಹೊಳೆಯಲಿಲ್ಲ. ಎರಡು ಚೀಲ, ಒಂದು ಹಾಸಿಗೆಯ ಸುರುಳಿ. ಟೀಚರ್ ಮೆಟ್ಟಿಲ ಬಳಿ ನಿಂತಿದ್ದರು.

“ಅಲ್ಲಿ ಏನಪ್ಪಾ ಕೆಲಸ ನಿನಗೆ?”

“ಯಾರಾದ್ರೂ ಆಸ್ಪತ್ರೆಗೆ ಹೋಗ್ಬೇಕಾದ್ರೆ ಜೊತೆಗೆ ಹೋಗೋದು ಟೀಚರ್. ಅಷ್ಟೇ.”

“ಮತ್ತೆ ಆ ಕಂಪ್ಯೂಟರ್ ವಿದ್ಯೆ?”

ಅವನು ತಲೆಯಲ್ಲಾಡಿಸಿದ. ಕೀ ಅವರ ಕೈಗೆ ಕೊಟ್ಟ. ಅವರು ಒಳಗೆ ಹೋದರು. ಹೋಗುವವರನ್ನು ನಿಂತು ನೋಡುವುದು ತಮ್ಮ ಕೈಲಾಗದು ಎಂದು ಮೊದಲೇ ಹೇಳಿದ್ದರು. ಕತ್ತರಿ ಮಹಡಿಗೆ ಇನ್ನೊಂದು ಸಲ ಹೋಗಿ, ಬರಿಗಾಲಲ್ಲಿ ಎರಡೂ ಕೋಣೆ ನಡೆದು, ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದ. ಗೇಟು ದಾಟಿದ. ಹತ್ತು ಹೆಜ್ಜೆ ಹೋದವನು ಯಾಕೋ ಹಿಂತಿರುಗಿ ನೋಡಿದ.

ಕೆಳಗಿನ ಮನೆಯ ಕಿಟಕಿಯಲ್ಲಿ ಟೀಚರ್ ನಿಂತಿದ್ದರು. ಕಿಟಕಿಯ ಕಟ್ಟೆ ಅವರನ್ನು ಎದೆಯ ಮಟ್ಟಕ್ಕೆ ಕತ್ತರಿಸಿತ್ತು. ಮುಖ ಕಾಣುತ್ತಿತ್ತು, ಭುಜಗಳು ಮೆಲ್ಲಗೆ ಅಲುಗುತ್ತಿದ್ದವು. ಕೈ ಕಾಣುತ್ತಿರಲಿಲ್ಲ.

ಅವನು ಚೀಲಗಳನ್ನು ರಸ್ತೆಯಲ್ಲೇ ಕೆಳಗಿಟ್ಟ. ಹಿಂದಕ್ಕೆ ನಡೆದ, ಗೇಟಿನ ಒಳಗೆ, ಹೂಕುಂಡಗಳ ನಡುವೆ, ಕಿಟಕಿಯ ಸರಳಿಗೆ ಹಣೆ ತಾಗುವವರೆಗೆ. ಕಟ್ಟೆಯ ಮೇಲಿಂದ ಬಗ್ಗಿ ನೋಡಿದ. ಟೀಚರ್ ಅವನ ಚಹಾದ ಲೋಟವನ್ನು ತೊಳೆದು, ಬಟ್ಟೆಯಲ್ಲಿ ಒರೆಸುತ್ತಿದ್ದರು.

“ಏನೋ?” ಎಂದರು ಅವರು.

“ಏನಿಲ್ಲ ಟೀಚರ್” ಎಂದ ಕತ್ತರಿ. ಲೋಟ ಒರೆಸಿ ಅವರು ಪಕ್ಕಕ್ಕಿಡುವವರೆಗೂ ಅಲ್ಲೇ ನಿಂತಿದ್ದ. ಆಮೇಲೆ ಹೋಗಿ ಚೀಲಗಳನ್ನೆತ್ತಿಕೊಂಡು ಬಸ್ಸಿನ ಕಡೆ ನಡೆದ.